ಪಾಕದಕ್ಕ ಕಳೆದುಕೊಂಡ ಕೊಂಡಿ

ಪಾಕದಕ್ಕನಿಗೆ ಆ ಹೆಸರು ಬಂದದ್ದೇ ಹಲ್ಲಿನಿಂದ. ಮನೆಯ ಹಿಂದಿನ ಎರಡು ಕೋಣೆಯಲ್ಲಿ ಅವಳ ಮಿಠಾಯಿ ಕೆಲಸ. ಸಕ್ಕರೆ ಪಾಕ ಕುದಿಯುವಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಆ ಗುಂಡನ್ನು ಹಿಂದಿನ ಹಲ್ಲಿಗೆ ಕೊಟ್ಟು ಕಚ್ಚುವಳು. ಅಂಟಿದರೆ ಇನ್ನೂ ಎಳಸು. ‘ಟಕ್’ ಎಂದು ಒಡೆದರೆ ಇಳಿಸು. ಶಾಖ ಅಳೆಯುವ ಕಡ್ಡಿಯೊಂದನ್ನು ಯಾರೋ ತಂದುಕೊಟ್ಟಿದ್ದರು. ಅದು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು.

ಅಂಥವಳ ಬಾಯಿಗೇ ನಡುವಯಸ್ಸಿನಲ್ಲಿ ತಂತಿ ಬಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಎಣ್ಣೆ ಸೀಗೆಕಾಯಿ. ದವಡೆ ನೋವು ಕಿವಿಯವರೆಗೂ ಏರುತ್ತಿತ್ತು. ಹಲ್ಲಿನ ಡಾಕ್ಟರಮ್ಮ ಕ್ಲಿಪ್ಪು ಕೂರಿಸಿ ಕಟ್ಟುನಿಟ್ಟಾಗಿ ಹೇಳಿದರು: “ಗಟ್ಟಿ ಬೇಡ, ಅಂಟು ಬೇಡ. ಹಣ್ಣು ಕಚ್ಚಬೇಡಿ, ಹೆಚ್ಚಿ ತಿನ್ನಿ. ಅಂದಹಾಗೆ, ಏನು ಕೆಲಸ ಅಮ್ಮಾ ನಿಮ್ದು?”

“ಅಡುಗೆಮನೆ ಕೆಲಸ” ಎಂದಳು ಪಾಕದಕ್ಕ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಊಟದಲ್ಲಿ ಅವಳು ಡಾಕ್ಟರಮ್ಮನ ಮಾತು ಮೀರಲಿಲ್ಲ. ಸೇಬನ್ನು ಉಗುರಿನಷ್ಟು ತೆಳ್ಳಗೆ ಹೆಚ್ಚುವಳು. ಅನ್ನವನ್ನು ಮೆತ್ತಗೆ ಬೇಯಿಸುವಳು. ಬ್ರೆಡ್ಡಿನ ಅಂಚು ಕಿತ್ತು ಹಾಲಿಗೆ ಅದ್ದುವಳು. ಉಂಡಮೇಲೆ ಬೆರಳುದ್ದದ ಬ್ರಷ್ಷಿನಿಂದ ತಂತಿಯ ಸಂದಿಗೊಂದಿ ಉಜ್ಜುವಳು.

“ಅತ್ತಿಗೆ, ಕೂಸೂ ನೀನೇ, ಉಣಿಸೋ ತಾಯೀನೂ ನೀನೇ” ಎಂದು ನಾದಿನಿ ನಗುವಳು.

“ನಗು ನಗು. ನಿನ್ನ ಹಲ್ಲೂ ಒಂದಿನ ಡಾಕ್ಟರ ಕೈಗೆ ಸಿಗುತ್ತೆ.”

ಪಾಕ ಕಚ್ಚುವ ಕೆಲಸ ಈಗ ನಾದಿನಿಯದು. ಅವಳ ಹಲ್ಲು ಕಬ್ಬಿಣ, ಗಮನ ಮಾತ್ರ ಗಾಳಿ. ಎಳಸು ಪಾಕವನ್ನೇ ಇಳಿಸಿ, ಮಿಠಾಯಿ ಕಾಗದಕ್ಕೆ ಅಂಟಿ, ಅಂಗಡಿಯವನ ಬಾಯಿಂದ ಮಂಗಳಾರತಿ ಆಗಿತ್ತು.

ಹಾಗಾಗಿ, ಶಾಲೆಯ ಆಟದ ಪಂದ್ಯಕ್ಕೆ ದೊಡ್ಡ ಪಾಕ ಇಟ್ಟ ದಿನ ಪಾಕದಕ್ಕನಿಗೆ ತಡೆಯಲಾಗಲಿಲ್ಲ. ನಾದಿನಿ ಅತ್ತ ತಿರುಗಿದ್ದಾಗ ಗುಂಡನ್ನು ಬಾಯಿಗೆ ಹಾಕಿಕೊಂಡು ಕಚ್ಚಿಯೇಬಿಟ್ಟಳು. ಮೊದಲನೆಯದು ಹಲ್ಲಿಗೆ ಅಂಟಿತು, ನಾಲಿಗೆಯಿಂದ ಎಬ್ಬಿಸಿದಳು. ಎರಡನೆಯದು ‘ಟಕ್’ ಎಂದಿತು. ಎಷ್ಟು ದಿನವಾಗಿತ್ತು ಆ ಸದ್ದು ತಲೆಯೊಳಗೆ ಕೇಳಿ! ಖುಷಿಯಿಂದ ಪಾಕವನ್ನು ತಟ್ಟೆಗಳಿಗೆ ಹೊಯ್ದಳು. ಯಾವತ್ತಿನಂತೆ ಬಗ್ಗಿ, ಮೇಲೆದ್ದ ಗುಳ್ಳೆಗಳನ್ನು ಬಾಯಿಂದ ಊದಿ ಊದಿ ಒಡೆದಳು.

ಮಿಠಾಯಿ ಕತ್ತರಿಸಿ, ಕಾಗದ ಸುತ್ತಿ, ಡಬ್ಬ ತುಂಬಿಸಿದ ಮೇಲೆ ಕೆನ್ನೆಯೊಳಗೆ ಏನೋ ಚುಚ್ಚಿತು. ನಾಲಿಗೆ ಹೋಗಿ ತಡಕಿತು. ತಂತಿಯ ತುದಿ ಬರಿದಾಗಿತ್ತು. ಕೊನೇ ಹಲ್ಲಿನ ಮೇಲಿನ ಅಕ್ಕಿಕಾಳಿನಷ್ಟು ಲೋಹದ ಕೊಂಡಿ ಇರಲಿಲ್ಲ.

ಡಬ್ಬ ಒಯ್ಯಲು ಬಂದ ವ್ಯಾನು ಬಾಗಿಲಲ್ಲಿ ಹಾರ್ನ್ ಹೊಡೆಯಿತು.

“ಡಬ್ಬ ಎತ್ಬೇಡ!” ಎಂದು ಕೂಗಿದಳು.

ವಿಷಯ ಕೇಳಿ ನಾದಿನಿ ಕೈ ಬೀಸಿದಳು. “ನುಂಗಿರ್ತೀಯ ಬಿಡು ಅತ್ತಿಗೆ. ನಾಳೆ ಬೆಳಿಗ್ಗೆ ಅದೇ ಬಂದು ಹೇಳುತ್ತೆ.”

“ನುಂಗದೆ ಇದ್ರೆ? ಬಾಯಿ ತಟ್ಟೆ ಮೇಲೇ ಇತ್ತಲ್ಲೇ. ಯಾವುದೋ ಮಗು ಕಟುಮ್ ಅಂತ ಕಚ್ಚಿದ್ರೆ? ಗಂಟಲಿಗೆ ಹೋದ್ರೆ?”

ನಾದಿನಿಯ ನಗು ಅಲ್ಲೇ ಸತ್ತಿತು. ನೆಲ ಗುಡಿಸಿದರು, ನೀರಿನ ಬಟ್ಟಲು ಸೋಸಿದರು. ಸಿಗಲಿಲ್ಲ. ವ್ಯಾನಿನವನು ಗೊಣಗಿದ: “ತಡ ಆದ್ರೆ ನನ್ನನ್ನ ಬೈತಾರೆ ಅಕ್ಕಾ.”

“ನನ್ನ ಹೆಸರು ಹೇಳು” ಎಂದು ಅವನಿಗೆ, “ನಾನು ಬರೋವರೆಗೂ ಒಂದು ಡಬ್ಬಾನೂ ಹೊರಗೆ ಹೋಗಕೂಡದು” ಎಂದು ನಾದಿನಿಗೆ ಹೇಳಿ ಪಾಕದಕ್ಕ ಓಡಿದಳು.

ಡಾಕ್ಟರಮ್ಮ ಮೊದಲು ಕೇಳಿದ್ದು: “ಕೆಮ್ಮು ಬಂತಾ? ಉಸಿರು ಕಟ್ಟಿತಾ? ಏನು ಕಚ್ಚಿದ್ರಿ?”

“ಕೆಮ್ಮಿಲ್ಲ. ಕಚ್ಚಿದ್ದು ಮಿಠಾಯಿ. ಅದೇ ನನ್ನ ಕೆಲಸ ಡಾಕ್ಟರಮ್ಮಾ. ಅವತ್ತು ಹೇಳಲಿಲ್ಲ.”

ಅವರು ಬೈಯಲಿಲ್ಲ. ಚುಚ್ಚುತ್ತಿದ್ದ ತಂತಿ ಕತ್ತರಿಸಿ, ಪಕ್ಕದ ಆಸ್ಪತ್ರೆಗೆ ಎಕ್ಸ್‌ರೇಗೆ ಕಳಿಸಿದರು. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತು ಪಾಕದಕ್ಕ ಬೇಡಿಕೊಂಡಳು: ನನ್ನ ಹೊಟ್ಟೆಯಲ್ಲೇ ಇರಲಪ್ಪಾ. ಲೋಕದವರೆಲ್ಲ ಹೊಟ್ಟೆಯಲ್ಲಿ ಏನೂ ಇಲ್ಲದಿರಲಿ ಎಂದು ಬೇಡುವ ಜಾಗದಲ್ಲಿ ಅವಳ ಹರಕೆ ಹೀಗಿತ್ತು.

ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ನಕ್ಕರು. “ಎಲ್ಲೂ ಇಲ್ಲ ಅಮ್ಮಾ. ಹೊಟ್ಟೇಲೂ ಇಲ್ಲ, ಶ್ವಾಸಕೋಶದಲ್ಲೂ ಇಲ್ಲ. ನಿಶ್ಚಿಂತೆಯಿಂದ ಇರಿ.”

ನಿಶ್ಚಿಂತೆ! ಹಾಗಾದರೆ ಅದು ಡಬ್ಬದಲ್ಲೇ ಇದೆ.

ಮನೆಗೆ ಬಂದರೆ ವ್ಯಾನು ಇರಲಿಲ್ಲ. ಬಾಗಿಲ ಬಳಿ ಪೇರಿಸಿದ್ದ ಡಬ್ಬಗಳೂ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಸದ್ದು ಕೇಳಿತು: ಟಕ್, ಟಕ್, ಟಕ್.

ನಾದಿನಿ ನೆಲದ ಮೇಲೆ ಕೂತು, ಡಬ್ಬಗಳನ್ನು ಸುತ್ತಲೂ ಹರಡಿಕೊಂಡು, ಕಾಗದ ಬಿಚ್ಚಿ ಒಂದೊಂದೇ ಮಿಠಾಯಿಯನ್ನು ಕುಟ್ಟಾಣಿಯಲ್ಲಿ ಒಡೆಯುತ್ತಿದ್ದಳು. ಕೂದಲೆಲ್ಲ ಸಕ್ಕರೆ ಪುಡಿ. “ಅವನನ್ನ ಬೈದು ಕಳಿಸಿದೆ. ನಿನ್ನ ಕೊಂಡಿ ಸಾಯ್ಲಿ, ಕೈಯೆಲ್ಲ ಬೊಬ್ಬೆ” ಎಂದಳು.

ಇಬ್ಬರೂ ಸೇರಿ ಎಲ್ಲವನ್ನೂ ಬಿಸಿನೀರಿಗೆ ಸುರಿದು ಕರಗಿಸಿದರು. ಜರಡಿಯಲ್ಲಿ ಸೋಸತೊಡಗಿದರು. ತಪ್ಪಲೆ ಮುಗಿಯುತ್ತ ಬಂತು. ಕೊನೆಗೆ ‘ಟಿಣ್’ ಎಂದಿತು. ಅಷ್ಟು ಸಣ್ಣ ಸದ್ದು. ಪಾಕದಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕೂತಳು.

ಸಕ್ಕರೆ ನೀರನ್ನೆಲ್ಲ ಚರಂಡಿಗೆ ಚೆಲ್ಲಿದಳು. ಶಾಲೆಯ ಟೀಚರಿಗೆ ಫೋನು ಮಾಡಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. “ಬಹುಮಾನ ಕೊಡೋದು ಸಾಯಂಕಾಲ. ಅಷ್ಟರೊಳಗೆ ಆಗುತ್ತಾ?” ಎಂದರು ಟೀಚರು.

ಮತ್ತೆ ಪಾಕ ಏರಿತು. ನಾದಿನಿ ಗುಂಡು ಕಚ್ಚುವಾಗ ಪಾಕದಕ್ಕ ಅವಳ ಕೆನ್ನೆಗೆ ಕಿವಿ ಹಚ್ಚಿದಳು.

“ಇನ್ನೂ ಎಳಸು. ಇನ್ನೊಂದು ಕಚ್ಚು.”

“ಕಚಗುಳಿ ಆಗುತ್ತೆ ಅತ್ತಿಗೆ!”

“ಸುಮ್ನಿರೇ. ಕಚ್ಚು.”

ಟಕ್.

“ಇಳಿಸು” ಎಂದಳು ಪಾಕದಕ್ಕ. ಪಾಕ ತಟ್ಟೆಗೆ ಬಿತ್ತು, ಗುಳ್ಳೆ ಎದ್ದವು. ನಾದಿನಿ ಊದಲು ಬಗ್ಗಿದ್ದೇ ತಡ, ಪಾಕದಕ್ಕ ಅವಳ ಜಡೆ ಹಿಡಿದು ಹಿಂದಕ್ಕೆಳೆದು, ಕೈಗೆ ಬೀಸಣಿಗೆ ತುರುಕಿದಳು.

“ಬಾಯಿ ಆಚೆ. ಬೀಸು.”