ಕಾಲು ಭಾಗ ಬೆಳಕು

ನಮ್ಮ ಫಿಸಿಕ್ಸ್ ಮಿಸ್ ಅವರ ಕತ್ತು ಸದಾ ಎಡಕ್ಕೆ ವಾಲಿರುತ್ತಿತ್ತು. ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ಬೆಳಕು ಚುಚ್ಚುತ್ತಿತ್ತು. ಹಾಗಾಗಿ ತರಗತಿಯಲ್ಲೂ ಕಪ್ಪು ಕನ್ನಡಕ. ಅದು ಪೋಲರೈಸ್ಡ್ ಗಾಜು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವಂಥದ್ದು. ನೇರವಾಗಿ ನೋಡಿದರೆ ಮೊಬೈಲ್ ಪರದೆ ಪೂರ್ತಿ ಕಪ್ಪು, ತಲೆ ವಾಲಿಸಿದರಷ್ಟೇ ಅಕ್ಷರ ಕಾಣುತ್ತಿತ್ತು. ಕುರುಬರಹಳ್ಳಿ ಬಸ್ ಸ್ಟಾಪಿನಲ್ಲಿ ಹುಡುಗರು ಅವರಂತೆಯೇ ಕತ್ತು ವಾಲಿಸಿ ಅಣಕಿಸುತ್ತಿದ್ದರು. "ನಗ್ರೋ ನಗ್ರೋ, ಆದ್ರೆ ಎಷ್ಟು ವಾಲಿಸಿದ್ರೆ ಎಷ್ಟು ಬೆಳಕು ಅನ್ನೋ ಕಾಸ್ ಸ್ಕ್ವೇರ್ ಸೂತ್ರ ಮಾತ್ರ ಮರೀಬೇಡಿ," ಎನ್ನುತ್ತಿದ್ದರು ಮಿಸ್.

ಪಿಯುಸಿ ಪ್ರಿಪರೇಟರಿಯಲ್ಲಿ ನನಗೆ ಪಾಸಾಗಲು ಎರಡು ಅಂಕ ಕಡಿಮೆ ಬಿತ್ತು. ಫೇಲಾದವರ ಹಾಲ್ ಟಿಕೆಟ್ ತಡೆಯುವುದು ನಮ್ಮ ಕಾಲೇಜಿನ ಚಾಳಿ. ಗೇಟಿನ ಮೇಲಿನ ಫಲಿತಾಂಶದ ಬ್ಯಾನರ್ ಕೆಡಬಾರದಲ್ಲ! ಅಂಕ ಹೋದ ಪ್ರಶ್ನೆ ಇಷ್ಟೇ: ಧ್ರುವೀಕೃತ, ಅಂದರೆ ಪೋಲರೈಸ್ಡ್ ಬೆಳಕು ಮೊದಲು ನಲವತ್ತೈದು ಡಿಗ್ರಿ ತಿರುಗಿಸಿದ ಫಿಲ್ಟರನ್ನು, ಆಮೇಲೆ ತೊಂಬತ್ತು ಡಿಗ್ರಿಯದನ್ನು ದಾಟಿದರೆ ಎಷ್ಟು ಉಳಿಯುತ್ತದೆ? ಉತ್ತರದ ಕೀಯಲ್ಲಿ ಸೊನ್ನೆ ಎಂದಿತ್ತು. ನಾನು ಕಾಲು ಭಾಗ ಎಂದು ಬರೆದಿದ್ದೆ.

ಮಿಸ್ ನನ್ನ ಕೈ ಹಿಡಿದು ಪ್ರಿನ್ಸಿಪಾಲರ ಕೊಠಡಿಗೆ ನುಗ್ಗಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಕ್ಕೊಳ್ಳಿ ಸಾರ್. ನಿಮ್ಮ ಕಂಪ್ಯೂಟರ್ ನೋಡಿ. ಕಪ್ಪಾಗೋವರೆಗೂ ತಲೆ ವಾಲಿಸಿ."

ಪ್ರಿನ್ಸಿಪಾಲರೂ ಕತ್ತು ವಾಲಿಸಿದರು! ಮಿಸ್ ಒಡೆದ ಟಿವಿಯಿಂದ ಕಿತ್ತ ಫಿಲ್ಟರ್ ಹಾಳೆಯೊಂದನ್ನು ಪರದೆಯ ಮುಂದೆ ಓರೆಯಾಗಿ ಹಿಡಿದರು.

"ಈಗ?"

"ಕಾಣ್ತಾ ಇದೆ."

"ಈ ಹಾಳೆ ಅರ್ಧ ಬೆಳಕು ಬಿಟ್ಟು, ಅದನ್ನ ತನ್ನ ಕಡೆಗೆ ತಿರುಗಿಸುತ್ತೆ. ಕನ್ನಡಕ ಅದರಲ್ಲಿ ಅರ್ಧ ಬಿಡುತ್ತೆ. ಸೊನ್ನೆ ಎಲ್ಲಿಂದ ಬಂತು ಸಾರ್?"

"ಕೀ ಪ್ರಿಂಟ್ ಆಗೋಗಿದೆ. ಎರಡು ಮಾರ್ಕ್ಸ್ ತಾನೆ, ಬಿಡಿ ಮೇಡಂ."

"ಬಿಡಲ್ಲ. ಮಾರ್ಕ್ಸ್ ಹಾಕೋವರೆಗೂ ಕನ್ನಡಕ ನಿಮ್ಮ ಹತ್ರಾನೇ ಇರ್ಲಿ," ಎಂದವರೇ ಕುರ್ಚಿ ಎಳೆದುಕೊಂಡು ಕೂತರು.

ಕಿಟಕಿಯ ಬಿಸಿಲಿಗೆ ಅವರ ಕಣ್ಣಿಂದ ಒಂದೇ ಸಮನೆ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ನಿಜವಾಗಿ ಅಳುತ್ತಿದ್ದವಳು ನಾನು. ಬಹಳ ಹೊತ್ತಾದ ಮೇಲೆ ಪ್ರಿನ್ಸಿಪಾಲರು ಕೆಂಪು ಪೆನ್ನು ತೆಗೆದರು.

ಹೋದ ವರ್ಷ ಮಿಸ್ ತೀರಿಕೊಂಡರು. ನಾನೀಗ ವಿಜಯನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಅವರ ಋಣ ತೀರಿಸುವ ಆಸೆ ನನಗಿಲ್ಲ, ಆ ಋಣ ಇದ್ದರೇ ಚೆಂದ. ಮೊನ್ನೆ ನಮ್ಮ ಕೀಯಲ್ಲೂ ಒಂದು ತಪ್ಪು ಸಿಕ್ಕಿತು. ಒಬ್ಬ ಹುಡುಗಿಗೆ ಅಂಕ ಹೋಗಿತ್ತು.

"ಒಂದು ಮಾರ್ಕ್ ತಾನೆ, ಬಿಡಿ ಮೇಡಂ," ಎಂದರು ನಮ್ಮ ಪ್ರಿನ್ಸಿಪಾಲರು.

ನಾನು ಕುರ್ಚಿ ಎಳೆದುಕೊಂಡು ಕೂತೆ.