ಕೊನೆಯ ಕಂತೆ

ನಮ್ಮ ದೊಡ್ಡಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಆಕೆಯೇ ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಾಳೆ. ಎದುರುಮನೆಯವರು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದರೆ ಸಾಕು, ದೊಡ್ಡಮ್ಮ ಒಂದು ವಾರ ಆ ಕಡೆ ತಿರುಗಿ ನೋಡುವುದಿಲ್ಲ. ಆದರೆ ಆಕೆಯ ಹೊಟ್ಟೆಯನ್ನು ನಿಜವಾಗಿ ಉರಿಸಿದವಳು ಒಬ್ಬಳೇ, ಓರಗಿತ್ತಿ. ಅಂದರೆ ನನ್ನ ಅಮ್ಮ.

ದೊಡ್ಡಮ್ಮನದು ಪುಸ್ತಕ ಬೈಂಡ್ ಮಾಡುವ ಕೆಲಸ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅಂಟಿನ ಡಬ್ಬಿ, ದಪ್ಪ ಸೂಜಿ, ರಟ್ಟಿನ ರಾಶಿ, ಒತ್ತಿ ಹಿಡಿಯುವ ಕಬ್ಬಿಣದ ಪ್ರೆಸ್ಸು. ಇವುಗಳ ನಡುವೆ ಒಮ್ಮೆ ಕೂತರೆ ಏಳುವುದೇ ಸಾಹಸ. ಅಮ್ಮ ಶಾಲೆಯ ಟೀಚರು. ವರ್ಷದ ಕೊನೆಯ ರಜೆ ಬಂತೆಂದರೆ ಮನೆಮನೆಯ ಬಾಗಿಲು ತಟ್ಟಿ ಹಳೆಯ ಪುಸ್ತಕ ಕೇಳಿ ತರುತ್ತಿದ್ದಳು. ರಜೆಯಲ್ಲಿ ಎಲ್ಲರೂ ಊರು ಬಿಟ್ಟು ಹೊರಡುತ್ತಾರೆ, ದೊಡ್ಡಾಸ್ಪತ್ರೆಯಲ್ಲಿ ಮಲಗಿದವರನ್ನು ಹೇಗಿದ್ದೀರಿ ಎಂದು ಕೇಳುವವರೂ ಇರುವುದಿಲ್ಲ, ಅವರ ಕೈಗೊಂದು ಪುಸ್ತಕವಾದರೂ ಸಿಗಲಿ ಎಂಬುದು ಅಮ್ಮನ ಆಸೆ. ಜನ ಕೊಡುತ್ತಿದ್ದದ್ದು ಹಾಳೆ ಉದುರುವ ಪುಸ್ತಕಗಳನ್ನೇ. ದೊಡ್ಡಮ್ಮ ಅವನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕುವಳು. ಅಮ್ಮ ಟ್ರಾಲಿಯಲ್ಲಿ ಜೋಡಿಸಿಕೊಂಡು ವಾರ್ಡಿನಲ್ಲಿ ಹಂಚುವಳು. ರೋಗಿಗಳು ಅಮ್ಮನಿಗೆ ‘ಪುಸ್ತಕದಮ್ಮ’ ಎಂದು ಹೆಸರಿಟ್ಟರು.

ಆ ಹೆಸರು ಕಿವಿಗೆ ಬಿದ್ದ ದಿನ ದೊಡ್ಡಮ್ಮ ಊಟ ಅರ್ಧಕ್ಕೇ ಬಿಟ್ಟೆದ್ದಳು.

“ಬೆರಳು ಚುಚ್ಚಿಸ್ಕೊಳ್ಳೋದು ನಾನು, ಹೊಗಳಿಸ್ಕೊಳ್ಳೋದು ಇವಳು. ಪುಸ್ತಕದಮ್ಮ ಅಂತೆ! ಹಾಗಾದ್ರೆ ನಾನೇನು, ಅಂಟಿನಮ್ಮನಾ?”

ಅಮ್ಮ ನಕ್ಕುಬಿಟ್ಟಳು. ನಗಬಾರದಿತ್ತು.

ಪುಸ್ತಕವೆಂದರೆ ಮಡಚಿದ ಹಾಳೆಗಳ ಸಣ್ಣ ಸಣ್ಣ ಕಂತೆಗಳು. ಒಂದರ ಮೇಲೊಂದಿಟ್ಟು ಬೆನ್ನಿಗೆ ದಾರ ಹಾಕಿ ಹೊಲಿಯುತ್ತಾರೆ. ಮಾರನೆಯ ದಿನ ಒಂದು ಕಾದಂಬರಿ ಹೊಲಿಯುವಾಗ ದೊಡ್ಡಮ್ಮ ಅದರ ಕೊನೆಯ ಕಂತೆಯನ್ನು ಬೇಕೆಂದೇ ತೆಗೆದಿಟ್ಟಳು. ಓದಿದವರು ಕೊನೆಗೆ ಬಂದು ಮುಗ್ಗರಿಸಲಿ, ಪುಸ್ತಕದಮ್ಮನಿಗೆ ಚೆನ್ನಾಗಿ ಉಗಿಯಲಿ ಎಂಬುದು ಲೆಕ್ಕಾಚಾರ. ಯಾರಿಗೂ ಅನುಮಾನ ಬರಬಾರದೆಂದು ರಟ್ಟು ಮಾತ್ರ ಬಲು ಚೆಂದದ್ದು ಹಾಕಿದಳು.

ಲೆಕ್ಕಾಚಾರ ತಲೆಕೆಳಗಾಯಿತು. ಕಾಲು ಮುರಿದು ಮಲಗಿದ್ದ ಟೈಲರ್ ಹೆಂಗಸೊಬ್ಬಳು ಆ ಕಾದಂಬರಿ ಓದಿ, ಕೊನೆಯೇ ಇಲ್ಲವೆಂದು ಗೋಳಾಡಿದಾಗ, ಅಮ್ಮ ಹಾಸಿಗೆಯ ಪಕ್ಕ ಕೂತು ಉಳಿದ ಕಥೆಯನ್ನು ತಾನೇ ಕಟ್ಟಿ ಹೇಳಿದಳು. ಅಕ್ಕಪಕ್ಕದ ಹಾಸಿಗೆಯವರೂ ಕಿವಿಗೊಟ್ಟರು. ಇನ್ನೊಂದು ಹೇಳಿ, ಮತ್ತೊಂದು ಹೇಳಿ ಎಂದರು. ಉಗಿಸಿಕೊಳ್ಳಬೇಕಾದವಳು ವಾರ್ಡಿಗೇ ಬೇಕಾದವಳಾಗಿಬಿಟ್ಟಳು. ದಿನವೂ ಕಥೆ ಹೇಳಿ ಹೇಳಿ ಗಂಟಲು ಕಟ್ಟಿ, ಜ್ವರ ಬಂದು ಮಲಗಿದಳು.

“ನಾಳೆ ನಾನ್ ಹೋಗ್ತೀನಿ” ಎಂದಳು ದೊಡ್ಡಮ್ಮ. ದನಿಯಲ್ಲಿ ಸಂಭ್ರಮ ಬಚ್ಚಿಟ್ಟರೂ ನಿಲ್ಲುತ್ತಿರಲಿಲ್ಲ.

ಬೆಳಗ್ಗೆ ಒಲೆಯ ಮುಂದೆ ನಿಂತೇ ಆ ಕೊನೆಯ ಕಂತೆಯನ್ನು ಓದಿ ಮುಗಿಸಿದಳು. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಹಡಗಿನ ಕೆಲಸಕ್ಕೆ ಹೋದ ಮಗನಿಗಾಗಿ ತಾಯಿಯೊಬ್ಬಳು ಕಾಯುವ ಕಥೆ ಅದು. ಕೊನೆಯಲ್ಲಿ ಹಡಗು ಮುಳುಗುತ್ತದೆ.

ವಾರ್ಡಿಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ, ಪುಸ್ತಕದಮ್ಮ ಬರಲಿಲ್ಲವೇ? ಕಾಲಿಗೆ ಕಟ್ಟು ಹಾಕಿಕೊಂಡಿದ್ದ ಟೈಲರ್ ಹೆಂಗಸಂತೂ, ಹಡಗಿನ ಮಗ ವಾಪಸ್ ಬಂದದ್ದನ್ನು ಅವರು ಎಷ್ಟು ಚೆನ್ನಾಗಿ ಹೇಳಿದರು ಎಂದು ಹೊಗಳಿದಳು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಸೀದಾ ಟೈಲರ್ ಹೆಂಗಸಿನ ಹತ್ತಿರ ಹೋಗಿ, “ಅವಳು ಹೇಳಿದ್ದು ಬರೀ ಬೊಗಳೆ. ನಿಜವಾದ ಕೊನೆ ನಂಗೊತ್ತು, ಕೇಳಿ” ಎಂದು ಹಡಗು ಮುಳುಗಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಆ ಹೆಂಗಸು ಗೋಡೆಯ ಕಡೆ ಮುಖ ತಿರುಗಿಸಿದಳು.

ದೊಡ್ಡಮ್ಮ ಮನೆಗೆ ಬಂದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಅಮ್ಮನ ಮಂಚದ ಮುಂದೆ ನಿಂತಳು.

“ಏನ್ ಮೋಡಿ ಮಾಡಿದ್ದೀಯೇ ಅವರಿಗೆಲ್ಲ? ನೀನು ಹೇಳಿದ್ರೆ ಬಾಯಿ ಬಿಟ್ಕೊಂಡು ಕೇಳ್ತಾರೆ, ನಾನು ಹೇಳಿದ್ರೆ ಗೋಡೆ ನೋಡ್ತಾರೆ! ಮಗ ವಾಪಸ್ ಬಂದ ಅಂತ ಸುಳ್ಳು ಯಾಕೆ ಹೇಳ್ದೆ? ಸತ್ತಿದಾನೆ ಅವನು. ಕೊನೆ ಪುಟ ನಾನೇ ಓದಿದೀನಿ!”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಪುಟ ನಿಮಗೆಲ್ಲಿ ಸಿಕ್ಕಿತು ಎಂದು ಅಮ್ಮ ಕೇಳಿಯೇ ಕೇಳುತ್ತಾಳೆಂದು ಕಾದಳು. ಅಮ್ಮ ಅದನ್ನು ಕೇಳಲಿಲ್ಲ. ಹೊದಿಕೆ ಸರಿಸಿ ಎದ್ದು ಕೂತಳು.

“ಆ ಟೈಲರಮ್ಮನಿಗೆ ಹೇಳಿಬಿಟ್ರಾ ಅಕ್ಕ?” ದನಿ ಸರಿಯಾಗಿ ಹೊರಡುತ್ತಿರಲಿಲ್ಲ. “ಅವರ ಮಗ ಹಡಗಿನ ಕೆಲಸಕ್ಕೆ ಹೋದೋನು. ಎಷ್ಟೋ ತಿಂಗಳಿಂದ ಸುದ್ದಿ ಇಲ್ಲ. ಅದಕ್ಕೇ ಹಾಗ್ ಹೇಳಿದ್ದೆ.”

ದೊಡ್ಡಮ್ಮ ಎಸೆದ ಚಪ್ಪಲಿಯನ್ನು ಹುಡುಕಿ ಮೆಟ್ಟಿಕೊಂಡಳು. ಅಮ್ಮ ಬೇಡವೆಂದರೂ ಕೇಳಲಿಲ್ಲ.

ವಾರ್ಡಿನಲ್ಲಿ ಆ ಹೆಂಗಸು ಇನ್ನೂ ಗೋಡೆಯ ಕಡೆಗೇ ಮಲಗಿದ್ದಳು. ದೊಡ್ಡಮ್ಮ ಸ್ಟೂಲು ಎಳೆದು ಕೂತಳು. ಜನ್ಮದಲ್ಲಿ ತನ್ನ ಬಾಯಿಂದ ಬರುವುದಿಲ್ಲ ಎಂದುಕೊಂಡಿದ್ದ ಮಾತನ್ನು ಕೊನೆಗೂ ಆಡಿದಳಂತೆ.

“ನೋಡಿ, ನಾನು ಹೇಳಿದ್ದು ಬೇರೆ ಯಾವುದೋ ಪುಸ್ತಕದ್ದು, ಕಲಸುಮೇಲೋಗರ ಆಗೋಯ್ತು. ನನ್ನ ಓರಗಿತ್ತಿ ಹೇಳಿದ್ದೇ ಸರಿ. ಮಗ ಬರ್ತಾನೆ.”

ಹೆಂಗಸು ಈ ಕಡೆ ಹೊರಳಿದಳು. ಕಣ್ಣೊರೆಸಿಕೊಂಡು ದೊಡ್ಡಮ್ಮನ ಕೈ ಹಿಡಿದಳು.

“ನಂಗೊತ್ತಿತ್ತು ಬಿಡಿ. ಪುಸ್ತಕದಮ್ಮ ತಪ್ಪು ಹೇಳೋರೇ ಅಲ್ಲ.”

ದೊಡ್ಡಮ್ಮನ ಹೊಟ್ಟೆ ಮತ್ತೆ ಧಗಧಗ ಉರಿಯಿತಂತೆ. ಆದರೂ ಕೈ ಬಿಡಿಸಿಕೊಳ್ಳದೆ, “ಹೌದು, ಅವಳು ತಪ್ಪು ಹೇಳಲ್ಲ” ಎಂದಳಂತೆ.