ನೀಲಿಗೆ ತಿರುಗಿದ ದಿಂಬಿನ ಕಲೆ

೧೯೩೮ರಲ್ಲಿ ನಾನು ಶಿವಮೊಗ್ಗದ ಒಂದು ಹೆಂಗಸರ ಡಿಸ್ಪೆನ್ಸರಿಯಲ್ಲಿ ಕೆಲಸಕ್ಕಿದ್ದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಿಂದಾಗಿ ರೋಗಿಗಳ ರಿಜಿಸ್ಟರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬ್ಯಾಂಡೇಜ್ ಬಟ್ಟೆ ಕುದಿಸುವುದೂ ನನ್ನದೇ. ಆ ಬೆಳಿಗ್ಗೆಯೂ ಮನೆಯವರಿಗೆ ಬುತ್ತಿ ಕಟ್ಟಿಕೊಟ್ಟು, ದುರ್ಗಿಗುಡಿಯಿಂದ ನಡೆದು ಬಂದು, ಹಂಡೆಯ ನೀರಿಗೆ ವಾಷಿಂಗ್ ಸೋಡಾ ಹಾಕುತ್ತಿದ್ದೆ.

ಆಗ ನಂಜಮ್ಮ ಎಂಬುವವರು ಸೊಸೆ ಲಲಿತೆಯನ್ನು ಕರೆತಂದರು. ಸೊಸೆ ಹತ್ತು ಹೆಜ್ಜೆ ಹಿಂದೆ. ಐದು ತಿಂಗಳ ಮಗು ಅತ್ತೆಯ ತೋಳಿನಲ್ಲಿ. ಹುಡುಗಿಯ ರವಿಕೆ ಎದೆಹಾಲಿನಿಂದ ಒದ್ದೆಯಾಗಿತ್ತು.

"ಕ್ಷಯ ಕಣ್ರೀ. ಕೆಮ್ಮು ಇತ್ತು, ಎಂಟು ದಿನದ ಹಿಂದೆ ನೋಡಿದ್ರೆ ದಿಂಬೆಲ್ಲಾ ರಕ್ತ. ಮಧ್ಯಾಹ್ನದ ರೈಲಿಗೆ ಭದ್ರಾವತಿಗೆ, ಅವರಪ್ಪನ ಮನೆಗೆ ಕಳಿಸ್ತೀವಿ. ಮಗು ನಮ್ಮಲ್ಲೇ ಇರುತ್ತೆ. ಒಂದು ಚೀಟಿ ಬರ್ಕೊಡಿ ಸಾಕು."

"ನಾನು ರಕ್ತ ಕಾರಿಲ್ಲ. ಆ ದಿಂಬನ್ನ ನಂಗೆ ತೋರಿಸೂ ಇಲ್ಲ" ಎಂದಳು ಲಲಿತೆ, ಗೋಡೆಯ ಕಡೆ ಮುಖ ಮಾಡಿ.

ಡಾಕ್ಟರಮ್ಮ ಎದೆ ಪರೀಕ್ಷಿಸಿದರು, ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಕಾಣಲಿಲ್ಲ. ಆದರೂ ರಕ್ತ ಬಿದ್ದಿದೆ ಎಂದಮೇಲೆ ಬರೀ ಶೀತವೆಂದು ಬರೆಯಲು ಅವರ ಕೈ ಹಿಂಜರಿಯಿತು. ನಂಜಮ್ಮ ಸಾಕ್ಷಿಗೆಂದು ತಂದ ದಿಂಬಿನ ಗವುಸನ್ನು ಕಾಗದದಲ್ಲಿ ಸುತ್ತಿತ್ತು. ಸೋಂಕಿನ ಭಯಕ್ಕೆ ಅದನ್ನು ಯಾರೂ ಒಗೆದಿರಲಿಲ್ಲ.

ನಾನು ಬಿಚ್ಚಿ ನೋಡಿದೆ. ಕಲೆ ಬಾಯಿ ತಾಗುವ ಅಂಚಿನಲ್ಲಿರದೆ, ತಲೆ ಊರುವ ನಡುಭಾಗದಲ್ಲಿತ್ತು. ಎಂಟು ದಿನದ ರಕ್ತ ಕಂದುಬಣ್ಣಕ್ಕೆ ತಿರುಗಬೇಕು. ಇದು ಕೆಂಪಾಗಿಯೇ ಇತ್ತು. ಸುತ್ತ ಎಣ್ಣೆಯ ಜಿಡ್ಡು.

"ತಲೆಗೆ ಏನು ಹಚ್ತೀಯಮ್ಮ?"

"ಬಾಣಂತನ ಆದ್ಮೇಲೆ ಕೂದಲು ಉದುರುತ್ತೆ ಅಂತ ಊರಿಂದ ಅಮ್ಮ ಎಣ್ಣೆ ಕಳಿಸಿದ್ಲು. ರತನ್‌ಜೋತ್ ಬೇರು ಹಾಕಿದ್ದು."

"ಶೋಕಿಗೇನು ಕಮ್ಮಿ ಇಲ್ಲ" ಎಂದರು ನಂಜಮ್ಮ.

ಎರಡೂ ಒಂದೇ ಬಗೆಯ ಕಲೆಯೇ ನೋಡೋಣವೆಂದು, ಗವುಸಿನ ಕಲೆಯನ್ನೂ ರಕ್ತ ಹತ್ತಿದ ಒಂದು ಬ್ಯಾಂಡೇಜನ್ನೂ ಒಟ್ಟಿಗೆ ಸೋಡಾ ನೀರಿಗೆ ಅದ್ದಿದೆ. ಬ್ಯಾಂಡೇಜ್ ಕಂದಾಗಿಯೇ ಉಳಿಯಿತು. ಗವುಸಿನ ಕೆಂಪು ಕಣ್ಣೆದುರೇ ನೀಲಿಗೆ ತಿರುಗಿತು.

ಡಾಕ್ಟರಮ್ಮ ವಿವರಿಸಿದರು: ರತನ್‌ಜೋತ್ ನಮ್ಮ ಚಳ್ಳೆಹಣ್ಣಿನ ಮರದ ಬಳಗದ್ದೇ ಗಿಡ. ಅದರ ಬೇರಿನ ತೊಗಟೆಯಲ್ಲಿ ಆಲ್ಕಾನಿನ್ ಎಂಬ ಬಣ್ಣದ ಪದಾರ್ಥವಿದೆ. ಬರೀ ನೀರಿಗೆ ಅದು ಬಿಡದು. ಎಣ್ಣೆಗೆ ಕೆಂಪಾಗಿ ಬಿಡುತ್ತದೆ. ಸೋಡಾದಂಥ ಕ್ಷಾರ ತಾಗಿದರೆ ನೀಲಿಯಾಗುತ್ತದೆ.

"ರಕ್ತ ಹೀಗೆ ನೀಲಿ ಆಗಲ್ಲ ನಂಜಮ್ಮ. ಮಗೂನ ಅವಳ ಕೈಗೆ ಕೊಡಿ" ಎಂದರು ಡಾಕ್ಟರಮ್ಮ.

ಎಂಟು ದಿನ ಬಾಟಲಿ ಹಾಲು ಕುಡಿದಿದ್ದ ಮಗು ತಾಯಿಯ ಎದೆಯಿಂದ ಮುಖ ತಿರುಗಿಸಿ ಅತ್ತಿತು. ಲಲಿತೆ ಬಿಡದೆ ಸಮಾಧಾನ ಮಾಡಿದಳು. ಬಹಳ ಹೊತ್ತಿನ ಮೇಲೆ ಅಳು ನಿಂತು, ಗುಟುಕರಿಸುವ ಸದ್ದು ಕೇಳಿಸಿತು. ನಂಜಮ್ಮ ನೆಲ ನೋಡುತ್ತಾ, "ಒಂದ್ಸಲ ಒಗೆದಿದ್ರೆ ಗೊತ್ತಾಗ್ತಿತ್ತು" ಎಂದರು. ಹೆದರಿ ದೂರ ಇಟ್ಟದ್ದನ್ನು ಮೊದಲು ಕೈಯಲ್ಲಿ ಹಿಡಿದು ನೋಡಬೇಕೆಂದು ನಾನು ಕಲಿತದ್ದು ಅಂದೇ.

ಸಂಜೆ ಪಕ್ಕದ ಮನೆಯ ಪದ್ಮಕ್ಕ ಹಿತ್ತಲ ಗೋಡೆಯಾಚೆಯಿಂದ ನನ್ನ ನೀಲಿ ಬೆರಳುಗಳನ್ನು ನೋಡಿ ನಕ್ಕರು.

"ಇದೇನ್ ಮಾರಾಯ್ತಿ, ಆಸ್ಪತ್ರೆ ಕೆಲಸ ಅಂತ ಹೋಗಿ ಬಟ್ಟೆ ಒಗೆದು ನೀಲಿ ಹಾಕಿ ಬಂದ್ಯಾ?"